ಮುಖಗಳ್ಳನ ಬೆಟ್ಟಕ್ಕೆ ಹೋದ ಚಂದಲೆ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹೊಳಲಗಾವಿ ಎಂಬ ಒಂದು ರಾಜ್ಯವಿತ್ತು. ಭಾಗಲದೇವಿ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಆ ರಾಜ್ಯದ ಜನಕ್ಕೆ ಬೇರೆಲ್ಲೂ ಇಲ್ಲದ ಒಂದು ವಿದ್ಯೆ ಗೊತ್ತಿತ್ತು. ಅದು ಬೆಳಕನ್ನು ಹಿಡಿದಿಡುವ ವಿದ್ಯೆ. ಹಲಸಿನ ಮರದ ಒಂದು ಪೆಟ್ಟಿಗೆ, ಅದರ ಮುಂದೆ ಒಂದು ಹರಳಿನ ಕಣ್ಣು, ಆ ಕಣ್ಣಿಗೆ ತೊಗಲಿನ ಒಂದು ರೆಪ್ಪೆ. ಒಳಗೆ ಬೆಳ್ಳಿನೀರು ಬಳಿದ ತಗಡು. ರೆಪ್ಪೆ ತೆರೆದರೆ ಎದುರಿಗಿದ್ದದ್ದು ಒಳಗೆ ಹೋಗಿ ತಗಡಿನ ಮೇಲೆ ಕೂರುತ್ತಿತ್ತು. ತಗಡನ್ನು ನೀರಲ್ಲಿ ತೊಳೆದರೆ ಚಿತ್ರ ಎದ್ದು ಬರುತ್ತಿತ್ತು. ಇದಕ್ಕೆ ಬೆಳಕುಪೆಟ್ಟಿಗೆ ಎಂದು ಹೆಸರು.

ರಾಜಧಾನಿಯ ಹೂವಿನ ಬೀದಿಯಲ್ಲಿ ಚಂದಲೆ ಎಂಬ ಹೆಣ್ಣುಮಗಳು ಬೆಳಕುಪೆಟ್ಟಿಗೆ ಇಟ್ಟುಕೊಂಡು ಜೀವನ ನಡೆಸುತ್ತಿದ್ದಳು. ಮದುವೆಯಾದ ಜೋಡಿಗಳು, ಮಗುವಿಗೆ ಹೆಸರಿಟ್ಟವರು, ಹೊಸ ಪೇಟ ಸುತ್ತಿಕೊಂಡ ಪಟೇಲರು, ಎಲ್ಲರೂ ಅವಳ ಅಂಗಡಿಗೆ ಬರುತ್ತಿದ್ದರು. ಅವಳು ಎಲ್ಲರನ್ನೂ ಒಂದೇ ಪರದೆಯ ಮುಂದೆ, ಒಂದೇ ಮಣೆಯ ಮೇಲೆ, ಒಂದೇ ಕಿಟಕಿಯ ಬೆಳಕಿಗೆ ಕೂರಿಸುತ್ತಿದ್ದಳು. "ಬೆನ್ನು ನೆಟ್ಟಗೆ. ಗಲ್ಲ ಮೇಲೆ. ಉಸಿರು ಬಿಗಿಹಿಡೀರಿ" ಎನ್ನುತ್ತಿದ್ದಳು. ಚಿತ್ರ ಚೊಕ್ಕವಾಗಿ ಬರುತ್ತಿತ್ತು. ಯಾರೂ ತಕರಾರು ಮಾಡುತ್ತಿರಲಿಲ್ಲ.

ಅವಳ ಗಂಡ ಸಿಂಗಣ. ಊರ ಕೆಳಗಿನ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಅವನಿಗೆ ಹೆಂಡತಿಯ ವಿದ್ಯೆಯ ಮೇಲೆ ಬಲು ಅಭಿಮಾನ, ಜೊತೆಗೆ ಒಂದಿಷ್ಟು ತಮಾಷೆ.

"ಒಂದು ದಿನ ಹೊಳೆಗೆ ಬಾರೇ. ಕೊಕ್ಕರೆ ನೀರಿನಿಂದ ಹೇಗೆ ಏಳುತ್ತೆ ಅಂತ ಹಿಡಿದು ತೋರಿಸು, ನೋಡೋಣ" ಎನ್ನುತ್ತಿದ್ದ.

"ಕೊಕ್ಕರೆ ನಾನು ಹೇಳಿದ ಮಾತು ಕೇಳಿ ಮಣೆ ಮೇಲೆ ಕೂರುತ್ತಾ?" ಎಂದು ಚಂದಲೆ ನಗುತ್ತಿದ್ದಳು.

ಹೀಗಿರುವಾಗ ಒಂದು ಮಂಜಿನ ಬೆಳಗ್ಗೆ ಸಿಂಗಣ ದೋಣಿ ಬಿಟ್ಟುಕೊಂಡು ಹೋದ. ಮಂಜು ಕರಗಿದಾಗ ದೋಣಿಯೊಂದೇ ದಡಕ್ಕೆ ಬಂತು. ಹುಟ್ಟು ಇನ್ನೂ ಒದ್ದೆಯಾಗಿತ್ತು, ಹಾಕುವವನು ಇರಲಿಲ್ಲ. ಊರವರು ಹೊಳೆಯಲ್ಲಿ ಮುಳುಗಿ ಹುಡುಕಿದರು, ದಡದುದ್ದಕ್ಕೂ ಕೂಗಿದರು. ಚಂದಲೆ ಅಳುತ್ತಾ ಮನೆಗೆ ಬಂದು ಗೋಡೆಯ ಮೇಲಿದ್ದ ಅವನ ಚಿತ್ರದ ಮುಂದೆ ನಿಂತಳು. ಚಿತ್ರದಲ್ಲಿ ಅಂಗಿ ಇತ್ತು, ಹೆಗಲ ಮೇಲಿನ ವಲ್ಲಿ ಇತ್ತು, ತೊಡೆಯ ಮೇಲಿಟ್ಟ ಕೈ ಇತ್ತು. ಮುಖವಿರಬೇಕಾದ ಜಾಗದಲ್ಲಿ ಬರೀ ತಗಡು ಹೊಳೆಯುತ್ತಿತ್ತು.

ಆಗ ಅವಳಿಗೆ ತಿಳಿಯಿತು, ಇದು ಹೊಳೆಯ ಕೆಲಸವಲ್ಲ, ಮಸುಕಾಂಗನ ಕೆಲಸ ಎಂದು.

ಮಸುಕಾಂಗ ಎಂಬವನು ಒಬ್ಬ ಮಾಂತ್ರಿಕ. ಬಡಗಣದ ಮಸುಕುಗಿರಿಯ ಹೊಟ್ಟೆಯೊಳಗೆ ಅವನ ವಾಸ. ಮಂಜಿನೊಂದಿಗೆ ಇಳಿದು ಬಂದು ಮನುಷ್ಯರನ್ನು ಹೊತ್ತೊಯ್ದು, ಅವರ ಮುಖ ಕಿತ್ತು ತಾನು ಹಾಕಿಕೊಳ್ಳುತ್ತಿದ್ದ. ಮುಖ ಕಳಕೊಂಡವರು ನೆರಳಾಗಿ ಅವನ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಅದಕ್ಕಿಂತ ದೊಡ್ಡ ಕೇಡೆಂದರೆ, ಮನೆಯಲ್ಲಿ ಉಳಿದವರು ಆ ಮುಖವನ್ನು ದಿನದಿನಕ್ಕೂ ಮರೆಯುತ್ತಿದ್ದರು. ಹೆಸರು ನೆನಪಿರುತ್ತಿತ್ತು, ದನಿ ನೆನಪಿರುತ್ತಿತ್ತು, ಮುಖ ಮಾತ್ರ ಕಣ್ಣು ಮುಚ್ಚಿದರೂ ಬರುತ್ತಿರಲಿಲ್ಲ.

ಮರುದಿನ ಚಂದಲೆಯ ಅಂಗಡಿಯ ಮುಂದೆ ಒಂದು ಪಲ್ಲಕ್ಕಿ ನಿಂತಿತು. ರಾಣಿ ಭಾಗಲದೇವಿ ತಾನೇ ಇಳಿದು ಒಳಗೆ ಬಂದಳು. ಅವಳ ಒಬ್ಬಳೇ ಮಗಳೂ ಹಿಂದಿನ ಮಂಜಿನಲ್ಲಿ ಮಾಯವಾಗಿದ್ದಳು.

"ಚಂದಲೆ, ನನ್ನ ಮಗಳ ಚಿತ್ರ ನೀನೇ ತೆಗೆದದ್ದು. ನಿನ್ನ ಹತ್ತಿರ ಇನ್ನೊಂದು ಪ್ರತಿ ಏನಾದರೂ ಇದೆಯಾ?" ಎಂದು ಕೇಳಿದಳು.

"ಇದೆ ಮಹಾರಾಣಿ. ಆದರೆ ಅದರಲ್ಲೂ ಮುಖವಿಲ್ಲ."

ರಾಣಿ ಮಣೆಯ ಮೇಲೆ ಕುಸಿದು ಕುಳಿತಳು. "ಅವಳ ಮೂಗು ನನ್ನ ಹಾಗಿತ್ತಾ, ಅವಳಪ್ಪನ ಹಾಗಿತ್ತಾ ಅನ್ನೋದು ಇವತ್ತು ಬೆಳಗ್ಗೆ ನನಗೆ ಮರೆತುಹೋಯ್ತು, ತಾಯಿ. ಹೆತ್ತವಳಿಗೆ ಮರೆತುಹೋಯ್ತು. ಸೈನ್ಯ ಕಳಿಸಿದೆ. ಬೆಟ್ಟದ ಬುಡಕ್ಕೆ ಹೋದವರು, ಯಾಕೆ ಬಂದೆವು ಅನ್ನೋದೇ ಮರೆತು ಹಿಂದಕ್ಕೆ ಬಂದರು. ಒಬ್ಬನಿಗೆ ಮಾತ್ರ ಒಂದಿಷ್ಟು ನೆನಪಿತ್ತು. ಅಲ್ಲಿ ಮೂರು ಬಾಗಿಲುಗಳಂತೆ. ಕಾವಲಿರುವವರು ಕತ್ತಿಗೆ ಹೆದರುವುದಿಲ್ಲವಂತೆ. ಮೊದಲನೆಯವಳು 'ನನ್ನ ಮುಖ ನನಗೆ ತೋರಿಸು' ಅಂದಳಂತೆ."

ಚಂದಲೆ ತನ್ನ ಪೆಟ್ಟಿಗೆಯ ಕಡೆ ನೋಡಿದಳು. ರಾಣಿಯೂ ಅದರ ಕಡೆ ನೋಡಿದಳು.

"ನಾನು ಹೋಗ್ತೇನೆ" ಎಂದಳು ಚಂದಲೆ.

ಹೆಗಲಿಗೆ ಬೆಳಕುಪೆಟ್ಟಿಗೆ, ಕೈಯಲ್ಲಿ ತಗಡಿನ ಚೀಲ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಅವಲಕ್ಕಿ. ಹಾಗೆ ಹೊರಟಳು. ಗಂಡನ ಮುಖ ಮರೆಯಬಾರದೆಂದು ದಾರಿಯುದ್ದಕ್ಕೂ ಜಪ ಮಾಡಿಕೊಂಡು ನಡೆದಳು: "ಅಗಲ ಹಣೆ, ಕೂಡಿದ ಹುಬ್ಬು, ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ಅಗಲ ಹಣೆ, ಕೂಡಿದ ಹುಬ್ಬು, ನಕ್ಕರೆ ಎಡಗೆನ್ನೆಯಲ್ಲಿ ಗುಳಿ."

ಕಾಡು ದಾಟಿದಳು, ಕಲ್ಲುಗುಡ್ಡ ದಾಟಿದಳು, ಮಸುಕುಗಿರಿಯ ಬುಡಕ್ಕೆ ಬಂದಳು. ಅಲ್ಲಿ ಮೊದಲನೆಯ ಬಾಗಿಲು. ಬಾಗಿಲಿಗೆ ಒರಗಿಕೊಂಡು ಒಂದು ಒಲೆ, ಒಲೆಯ ಮುಂದೆ ಒಬ್ಬ ಅಜ್ಜಿ. ಅವಳ ಹೆಸರು ದುಗ್ಗಜ್ಜಿ. ಚಂದಲೆ ಅವಳ ಕಡೆ ತಿರುಗಿ ನೋಡಿದ ಕೂಡಲೇ ಅಜ್ಜಿಯ ಮುಖ ಮರವಾಯಿತು. ಸುಮ್ಮನೆ ಹೇಳುವ ಮಾತಲ್ಲ, ನಿಜವಾಗಿ ಮರವಾಯಿತು. ಕೆನ್ನೆಯ ಮೇಲೆ ಗಂಟು ಗೆರೆ ಎದ್ದವು, ಕಣ್ಣು ಮರದ ಗುಂಡಿಗಳಾದವು.

"ಮಸುಕಾಂಗ ನನ್ನ ಮುಖ ಕಿತ್ತುಕೊಂಡ. ಹಳೆಯದಾಯ್ತು ಅಂತ ವಾಪಸು ಕೊಟ್ಟ. ಆದರೆ ಅದರ ಜೀವ ಇಟ್ಟುಕೊಂಡ" ಎಂದಳು ಅಜ್ಜಿ, ತುಟಿ ಅಲ್ಲಾಡಿಸದೆ. "ಯಾರಾದರೂ ನೋಡಿದರೆ ಸಾಕು, ಮುಖ ಹೀಗಾಗುತ್ತೆ. ನೀರಲ್ಲಿ ನಾನೇ ಬಗ್ಗಿ ನೋಡಿದರೂ ಇದೇ. ನನ್ನ ಮುಖ ನನಗೆ ತೋರಿಸು ಮಗಳೇ, ಬಾಗಿಲು ತೆಗೀತೇನೆ."

ಚಂದಲೆಗೆ ಗೊತ್ತಿದ್ದದ್ದು ಒಂದೇ ರೀತಿ. ಅಜ್ಜಿಯನ್ನು ಬಿಸಿಲಿಗೆ ಕೂರಿಸಿದಳು. "ಬೆನ್ನು ನೆಟ್ಟಗೆ. ಗಲ್ಲ ಮೇಲೆ. ಉಸಿರು ಬಿಗಿಹಿಡೀರಿ" ಎಂದಳು. ರೆಪ್ಪೆ ತೆರೆದಳು, ಮುಚ್ಚಿದಳು, ತಗಡು ತೊಳೆದಳು. ತಗಡಿನ ಮೇಲೆ ಸೀರೆ ಉಟ್ಟ ಒಂದು ಮರದ ಕೊರಡು ಕೂತಿತ್ತು. ನಡು ಹಗಲಿನ ಬಿಸಿಲಿಗೆ ಕಣ್ಣಿನ ಕುಳಿಗಳಲ್ಲಿ ಕಪ್ಪು ತುಂಬಿಕೊಂಡಿತ್ತು.

ಮತ್ತೆ ತೆಗೆದಳು. ಮತ್ತೆ ಕೊರಡು. ಗಲ್ಲ ಕೆಳಗಿಳಿಸಿ ತೆಗೆದಳು, ಪಕ್ಕಕ್ಕೆ ತಿರುಗಿಸಿ ತೆಗೆದಳು. ಎಲ್ಲವೂ ಕೊರಡೇ.

ಚಂದಲೆಗೆ ಸಾಕಾಯಿತು. ಹಸಿವೂ ಆಗಿತ್ತು. ಪೆಟ್ಟಿಗೆಯನ್ನು ಬಾಗಿಲ ನೆರಳಿನಲ್ಲಿಟ್ಟು ಒಲೆಯ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು.

"ಅಜ್ಜಿ, ಗಮಗಮ ಅಂತಿದೆಯಲ್ಲ, ಸಾರಿಗೆ ಏನು ಹಾಕಿದ್ದೀರಿ?"

"ಹುರುಳಿಕಟ್ಟು ಕಣೇ. ಮೊಳಕೆ ಬರಿಸಿ, ಬೇಯಿಸಿ, ಬಸಿದು, ಬೆಳ್ಳುಳ್ಳಿ ಸುಟ್ಟು ಜಜ್ಜಿ ಹಾಕಬೇಕು. ಹುಣಸೆ ಕೊನೆಗೆ." ಅಜ್ಜಿ ಸೌಟಿನಿಂದ ತಿರುವುತ್ತಾ ನೆರಳಿಗೆ ಸರಿದು ಕೂತಳು. "ನನ್ನ ಗಂಡನಿಗೆ ಇದು ಅಂದರೆ ಪ್ರಾಣ. ಬಟ್ಟಲು ಬಟ್ಟಲು ಕುಡಿಯೋನು. ಕೈ ನೆಕ್ಕಿ ಮುಗಿಸಿ, ಎದ್ದು ಹೋಗ್ತಾ, 'ಉಪ್ಪು ಸಾಲದು' ಅನ್ನೋನು. ನನಗೆ ಸಿಟ್ಟು ಬರಲಿ ಅಂತ! ನಾನು ಸೌಟು ಹಿಡಕೊಂಡು ಅಟ್ಟಿಸಿಕೊಂಡು ಹೋಗ್ತಿದ್ದೆ. ಹಿತ್ತಿಲು ಸುತ್ತಿ ಸುತ್ತಿ ಓಡೋನು ಪುಣ್ಯಾತ್ಮ, ಉಪ್ಪು ಸಾಲದು ಉಪ್ಪು ಸಾಲದು ಅಂತ ಕೂಗಿಕೊಂಡು..."

ಅಜ್ಜಿಗೆ ನಗು ಬಂತು. ನಗುತ್ತಾ ಕಣ್ಣು ತುಂಬಿ ಬಂತು. ತನ್ನನ್ನು ಒಬ್ಬಳು ನೋಡುತ್ತಿದ್ದಾಳೆ ಎಂಬುದೇ ಅವಳಿಗೆ ಮರೆತುಹೋಯಿತು. ಬಾಗಿಲಿನ ಪಕ್ಕದಿಂದ ಮೆತ್ತಗಿನ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಆ ಕೆನ್ನೆ ಮರವಾಗಿರಲಿಲ್ಲ. ಚಂದಲೆ ಮಾತು ನಿಲ್ಲಿಸಲಿಲ್ಲ. "ಆಮೇಲೇನಾಯ್ತು ಅಜ್ಜಿ?" ಎನ್ನುತ್ತಲೇ ಕೈ ಚಾಚಿ ರೆಪ್ಪೆ ತೆರೆದಳು.

ತಗಡು ತೊಳೆದು ಕೈಗೆ ಕೊಟ್ಟಾಗ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾನು ಇಷ್ಟು ಮುದುಕಿ ಆಗಿದ್ದೀನಾ?" ಎಂದಳು ಆಮೇಲೆ. "ಆಗಲಿ ಬಿಡು. ಅವನು ನೋಡಿದ್ದು ಈ ಮುಖವನ್ನೇ."

ಅವಳ ಮುಖ ಮತ್ತೆ ಮರವಾಗಲಿಲ್ಲ. ಬಾಗಿಲು ತೆರೆಯಿತು. ಚಂದಲೆ ಹುರುಳಿಕಟ್ಟು ಉಂಡು, ಅಜ್ಜಿಯ ಕಾಲು ಮುಟ್ಟಿ, ಮೇಲಕ್ಕೆ ಹತ್ತಿದಳು. ಹತ್ತುತ್ತಾ ಜಪ ಶುರುಮಾಡಿದಳು. "ಅಗಲ ಹಣೆ..." ಎಂದಳು. ಮುಂದಿನದು ಬರಲಿಲ್ಲ. ಹುಬ್ಬು ಹೇಗಿತ್ತು? ಬಹಳ ಯೋಚಿಸಿದಳು. ಹುಬ್ಬು ಹೋಗಿಬಿಟ್ಟಿತ್ತು. "ಅಗಲ ಹಣೆ, ನಕ್ಕರೆ ಎಡಗೆನ್ನೆಯಲ್ಲಿ ಗುಳಿ" ಎಂದು ಉಳಿದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು ಬೇಗ ಬೇಗ ನಡೆದಳು.

ಎರಡನೆಯ ಬಾಗಿಲಿಗೆ ಅಡ್ಡವಾಗಿ ಒಂದು ಕಲ್ಲಾನೆ ಮಲಗಿತ್ತು. ಮೈಯೆಲ್ಲ ಕಲ್ಲು, ಕಣ್ಣು ಮಾತ್ರ ಜೀವಂತ. ಆ ಕಣ್ಣಿನಿಂದ ಇಳಿದ ನೀರಿಗೆ ಕೆಳಗಿನ ಬಂಡೆಯಲ್ಲಿ ಗುಳಿ ಬಿದ್ದಿತ್ತು.

"ಆನೆಯಪ್ಪಾ, ದಾರಿ ಬಿಡ್ತೀಯಾ?" ಎಂದಳು ಚಂದಲೆ.

ಆನೆ ನಿಧಾನವಾಗಿ ಮಾತಾಡಿತು. ಒಂದೊಂದು ಮಾತೂ ಬಾವಿಯಿಂದ ಸೇದಿದ ಹಾಗೆ ಬರುತ್ತಿತ್ತು. "ಈ ದಿಣ್ಣೆಯ ಆಚೆ ನಾನು ಹುಟ್ಟಿದ ಕಣಿವೆ ಇದೆ. ಇಷ್ಟು ಹತ್ತಿರ ಇದೆ. ಕತ್ತು ತಿರುಗಿಸಿದರೆ ಕಂಡೀತು. ಕತ್ತು ಕಲ್ಲಾಗಿದೆ. ಅದನ್ನು ಒಂದು ಸಲ ತೋರಿಸು."

ಚಂದಲೆ ದಿಣ್ಣೆ ಹತ್ತಿದಳು. ಆಚೆ ಕಡೆ ದೊಡ್ಡ ಕಣಿವೆ, ನಡುವೆ ಕೆರೆ, ಸುತ್ತ ಜೊಂಡು, ಮರಗಳು. ಎಲ್ಲವೂ ಕಾಣಲಿ ಎಂದು ತುತ್ತತುದಿಗೆ ಹೋಗಿ ನಿಂತು ನಡು ಹಗಲಿನಲ್ಲೇ ಚಿತ್ರ ತೆಗೆದಳು. ತಂದು ತೋರಿಸಿದಳು.

"ಇದು ಕಣಿವೆ. ನನ್ನ ಕಣಿವೆ ಅಲ್ಲ" ಎಂದಿತು ಆನೆ.

ಸಂಜೆ ಆಕಾಶ ಕೆಂಪಾಯಿತು. ಅವಳು ಓಡಿ ಹೋಗಿ ಇನ್ನೊಂದು ತೆಗೆದಳು.

"ಚೆಂದ ಇದೆ. ಇದು ಆಕಾಶದ ಚಿತ್ರ" ಎಂದಿತು ಆನೆ.

ಚಂದಲೆಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಆಮೇಲೆ ಅವಳಿಗೆ ಮೊದಲೇ ಕೇಳಬೇಕಿದ್ದ ಮಾತು ಹೊಳೆಯಿತು. "ಆನೆಯಪ್ಪಾ, ನೀನು ಅದನ್ನು ಕೊನೆಯ ಸಲ ಎಲ್ಲಿ ನಿಂತು ನೋಡಿದ್ದೆ?"

ಆನೆಯ ಕಣ್ಣಿನಿಂದ ಇನ್ನೊಂದು ಹನಿ ಇಳಿಯಿತು. "ಅಮ್ಮನ ಕಾಲುಗಳ ನಡುವೆ" ಎಂದಿತು. "ಅಮ್ಮ ನೀರು ಕುಡೀತಾ ಇದ್ದಳು. ಬೆಳಗಾಗ್ತಾ ಇತ್ತು."

ಚಂದಲೆ ಈ ಸಲ ತುದಿಗೆ ಹೋಗಲಿಲ್ಲ. ಕಣಿವೆಗೆ ಇಳಿದು ಕೆರೆಯ ಅಂಚಿನಲ್ಲಿ ಅಡ್ಡಾಡಿದಳು. ಒಂದು ಕಡೆ ಎರಡು ಹಳೆಯ ಮತ್ತಿಮರಗಳು ಒಂದರ ಪಕ್ಕ ಒಂದು ನಿಂತಿದ್ದವು, ಬೂದು ಬಣ್ಣದ ದಪ್ಪ ಕಾಂಡ, ಒರಟು ತೊಗಟೆ. ಅವುಗಳ ಹಿಂದೆ ಕೆಸರಿನಲ್ಲೇ ಮಂಡಿಯೂರಿ, ಆನೆಮರಿಯ ಕಣ್ಣು ಎಷ್ಟು ಎತ್ತರಕ್ಕಿರುತ್ತದೋ ಅಷ್ಟು ಎತ್ತರಕ್ಕೆ ಪೆಟ್ಟಿಗೆ ಹಿಡಿದಳು. ಎರಡು ಕಾಂಡಗಳ ನಡುವೆ ಜೊಂಡಿನ ತುದಿ, ಅದರಾಚೆ ನೀರು. ಬೆಳಗಾಗುವವರೆಗೂ ಅಲ್ಲೇ ಇದ್ದಳು. ಬೆಳಗಾಯಿತು, ಆದರೆ ಮೋಡವಿತ್ತು. ರೆಪ್ಪೆ ತೆರೆಯಲಿಲ್ಲ. ಮರುದಿನ ಗಾಳಿ ಎದ್ದು ನೀರು ಕದಡಿತು. ಆಗಲೂ ತೆರೆಯಲಿಲ್ಲ. ಅವಲಕ್ಕಿ ಮುಗಿಯಿತು. ಕಾಯುತ್ತಾ ಕೂತಾಗ ಅವಳಿಗೆ ತಾನು ಇಷ್ಟು ದಿನ ಎಲ್ಲರಿಗೂ ಬೆನ್ನು ನೆಟ್ಟಗೆ, ಗಲ್ಲ ಮೇಲೆ ಎನ್ನುತ್ತಿದ್ದದ್ದು ನೆನಪಾಯಿತು. ಇಲ್ಲಿ ಯಾರಿಗೆ ಹೇಳುವುದು? ಸೂರ್ಯನಿಗೆ ಹೇಳುವಂತಿಲ್ಲ.

ಆಮೇಲೊಂದು ಬೆಳಗ್ಗೆ ನೀರಿನಿಂದ ತೆಳ್ಳಗೆ ಆವಿ ಎದ್ದಿತು. ಸೂರ್ಯ ದಿಣ್ಣೆಯ ಮೇಲೆ ಇಣುಕಿದ. ಜೊಂಡಿನ ಒಂದೊಂದು ಎಲೆಯ ಅಂಚೂ ಹೊತ್ತಿಕೊಂಡಿತು. ಚಂದಲೆ ರೆಪ್ಪೆ ತೆರೆದಳು.

ಚಂದಲೆ ಆ ತಗಡನ್ನು ಆನೆಯ ಕಣ್ಣಿಗೆ ಹಿಡಿದಳು. ಒಳಗೆಲ್ಲೋ ಕಲ್ಲು ಬಿರಿದ ಸದ್ದು ಕೇಳಿತು. ಸೊಂಡಿಲಿನ ತುದಿ ಮೆತ್ತಗಾಯಿತು, ಆಮೇಲೆ ಕಿವಿ ಅಲ್ಲಾಡಿತು, ಆಮೇಲೆ ಇಡೀ ಮೈ ಬೂದಿ ಬಣ್ಣದ ಬಿಸಿ ಮೈಯಾಯಿತು. ಅದು ಎದ್ದು ನಿಂತು ಚಂದಲೆಯ ತಲೆಯ ಮೇಲೆ ಸೊಂಡಿಲಿಟ್ಟು, ಹಿಂದೆ ನೋಡದೆ ಕಣಿವೆಯ ಕಡೆ ಓಡಿತು.

ತೆರೆದ ಬಾಗಿಲನ್ನು ದಾಟುತ್ತಾ ಚಂದಲೆ ಜಪ ಮಾಡಿಕೊಂಡಳು. "ಅಗಲ ಹಣೆ. ಅಗಲ ಹಣೆ." ಅವನು ನಗುತ್ತಿದ್ದನೆಂಬುದು ಗೊತ್ತಿತ್ತು. ನಕ್ಕರೆ ಮುಖ ಏನಾಗುತ್ತಿತ್ತು ಎಂಬುದು ಗೊತ್ತಿರಲಿಲ್ಲ. ಅವಳು ದಾರಿಯಲ್ಲೇ ಕೂತು ಅತ್ತಳು. ಗಂಡನನ್ನು ಕಳಕೊಂಡ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಅವನು ಎದುರಿಗೆ ಇಲ್ಲದಿದ್ದರೂ ಅಷ್ಟು ದಿನ ಒಳಗಿದ್ದ. ಈಗ ಒಳಗೂ ಕರಗುತ್ತಿದ್ದ. ಅತ್ತು ಮುಗಿಸಿ, ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಎದ್ದಳು.

ಮೂರನೆಯ ಬಾಗಿಲಿನ ಮುಂದೆ ಒಂದು ಬಯಲು. ಆ ಬಯಲಿನಲ್ಲಿ ಏನೋ ಒಂದು ಸುತ್ತುತ್ತಿತ್ತು. ಗಾಳಿಯೋ, ಧೂಳೋ, ಗೆರೆಯೋ ತಿಳಿಯದಷ್ಟು ವೇಗ. ಗೊರಸಿನ ಸದ್ದು ಕೇಳಿದ್ದರಿಂದ ಅದು ಕುದುರೆ ಎಂದು ಗೊತ್ತಾಯಿತು. ಅದರ ಸುತ್ತನ್ನು ದಾಟಿ ಬಾಗಿಲಿಗೆ ಹೋಗಲು ಯಾರಿಂದಲೂ ಆಗುತ್ತಿರಲಿಲ್ಲ. ಅದು ಮಾತಾಡುತ್ತಿತ್ತು, ಆದರೆ ಒಂದು ಸುತ್ತಿಗೆ ಒಂದೇ ಮಾತು.

"ನಾನು..." ಎಂದಿತು, ಹೋಯಿತು. ಮತ್ತೆ ಬಂತು. "ಯಾವ..." ಹೋಯಿತು. "ಬಣ್ಣ?" ಹೋಯಿತು. "ಯಾರೂ..." "ನನ್ನನ್ನು..." "ನೋಡಿಲ್ಲ." "ನೋಡಿದರೆ..." "ನಿಲ್ತೀನಿ."

ಚಂದಲೆ ಪೆಟ್ಟಿಗೆಯನ್ನು ಬಂಡೆಯ ಮೇಲೆ ಭದ್ರವಾಗಿ ಇಟ್ಟು, ಕುದುರೆ ಎದುರಿಗೆ ಬಂದ ಕ್ಷಣಕ್ಕೆ ರೆಪ್ಪೆ ತೆರೆದು ಮುಚ್ಚಿದಳು. ತಗಡಿನಲ್ಲಿ ಬಂಡೆ, ಹುಲ್ಲು, ಬಾಗಿಲು, ಎಲ್ಲ ಚೊಕ್ಕವಾಗಿದ್ದವು. ಕುದುರೆಯ ಜಾಗದಲ್ಲಿ ಒಂದು ಬೂದು ಗೆರೆ. ಇನ್ನೂ ಬೇಗ ರೆಪ್ಪೆ ಹೊಡೆದಳು. ಈ ಸಲ ಬೆಳಕು ಸಾಲದೆ ತಗಡು ಕಪ್ಪಾಯಿತು. ಚೀಲದಲ್ಲಿ ತಗಡುಗಳು ಮುಗಿಯುತ್ತಾ ಬಂದವು.

ಅವಳು ಪೆಟ್ಟಿಗೆ ಬಿಟ್ಟು ಬರಿಗಣ್ಣಿನಿಂದ ನೋಡುತ್ತಾ ಕೂತಳು. ನೆಟ್ಟ ನೋಟದಿಂದ ನೋಡಿದರೆ ಗೆರೆಯೇ ಕಾಣುತ್ತಿತ್ತು. ಒಂದು ಸಲ ಮಾತ್ರ, ನೊಣ ಅಟ್ಟಲು ತಲೆ ತಿರುಗಿಸಿದಾಗ, ಅವಳ ಕತ್ತೂ ಕುದುರೆಯೂ ಒಟ್ಟಿಗೇ ತಿರುಗಿದವು. ಆ ಒಂದು ಕ್ಷಣ ಅದರ ಕಣ್ಣು ಕಂಡಿತು! ಹಾರುವ ಜೂಲು ಕಂಡಿತು! ಹಿಂದಿನ ಬೆಟ್ಟ ನೀರಿನ ಹಾಗೆ ಹರಿದುಹೋಯಿತು.

"ನಾನು ನಿಂತು ನೋಡಿದರೆ ಆಗೋದಿಲ್ಲ. ಜೊತೆಗೆ ಹೋಗಬೇಕು" ಎಂದುಕೊಂಡಳು.

ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು, ಕಾಲೂರಿ ನಿಂತು, ಸೊಂಟದಿಂದ ತಿರುಗುವುದನ್ನು ಕಲಿತಳು. ರೆಪ್ಪೆ ಮುಚ್ಚಿಯೇ ಇತ್ತು. ಕುದುರೆ ಬಂದಾಗ ತಿರುಗುವುದು, ಹೋದಾಗ ಮರಳುವುದು. ಬೇಗ ತಿರುಗಿದರೆ ಕುದುರೆ ಹಿಂದುಳಿಯುತ್ತಿತ್ತು, ತಡವಾದರೆ ಮುಂದೆ ಹೋಗುತ್ತಿತ್ತು. ಸೊಂಟ ನೋಯಿತು, ತಲೆ ಸುತ್ತಿತು, ಒಂದೆರಡು ಸಲ ಬಿದ್ದಳು. ಕಡೆಗೆ ಅವಳ ಮೈ ಆ ಓಟವನ್ನು ಕಲಿಯಿತು. ಕಣ್ಣು ಮುಚ್ಚಿದರೂ ಕುದುರೆ ಎಲ್ಲಿದೆ ಎಂದು ಸೊಂಟಕ್ಕೆ ಗೊತ್ತಾಗುವ ಹಾಗಾಯಿತು. ಆಗ ತಿರುಗುತ್ತಾ ತಿರುಗುತ್ತಾ ರೆಪ್ಪೆ ತೆರೆದಳು, ತಿರುಗುತ್ತಲೇ ಮುಚ್ಚಿದಳು.

ತಗಡಿನ ಮೇಲೆ ಕುದುರೆ ಎದ್ದು ಬಂತು. ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಮೈಯ ಒಂದೊಂದು ನರವೂ ಕಾಣುತ್ತಿತ್ತು. ಸುತ್ತಲಿನ ಲೋಕವೆಲ್ಲ ಗೆರೆಗೆರೆಯಾಗಿ ಹಿಂದಕ್ಕೆ ಸರಿದಿತ್ತು. ಚಂದಲೆ ತಗಡನ್ನು ತಲೆಯ ಮೇಲೆತ್ತಿ ಹಿಡಿದು ಕೂಗಿದಳು:

"ಕುದುರೆಯಣ್ಣಾ, ನೀನು ಜೇನಿನ ಬಣ್ಣ! ಹಣೆ ಮೇಲೆ ಬಿಳಿ ಬೊಟ್ಟಿದೆ!"

ಗೊರಸಿನ ಸದ್ದು ಹಗುರವಾಯಿತು. ಗೆರೆ ಕುದುರೆಯಾಯಿತು. ಕುದುರೆ ನಡೆದು ಬಂದು ಅವಳ ಮುಂದೆ ನಿಂತು ಏದುಸಿರು ಬಿಡುತ್ತಾ ತಗಡನ್ನು ಮೂಸಿ ನೋಡಿತು.

"ನನ್ನ ತಾಯಿಗೂ ಬೊಟ್ಟಿತ್ತು" ಎಂದಿತು, ಈ ಸಲ ಒಂದೇ ಉಸಿರಿನಲ್ಲಿ. ಹಾಗೆಂದು ನೆಲದ ಮೇಲೆ ಮಲಗಿ ನಿದ್ದೆ ಹೋಯಿತು.

ಚಂದಲೆ ಮೂರನೆಯ ಬಾಗಿಲ ಮುಂದೆ ನಿಂತಳು. ಜಪ ಮಾಡಲು ಬಾಯಿ ತೆರೆದಳು. ಯಾವ ಮಾತೂ ಬರಲಿಲ್ಲ. ಸಿಂಗಣ ಎಂಬ ಹೆಸರಿತ್ತು, ಹೆಸರಿನ ಮೇಲೆ ಮುಖವಿರಲಿಲ್ಲ. ಈಗ ಒಳಗೆ ಹೋಗಿ ಯಾರನ್ನು ಹುಡುಕುವುದು? ಆದರೂ ಹೋದಳು. ಹಂಬಲಕ್ಕೆ ಮುಖ ಬೇಕಾಗಿರಲಿಲ್ಲ. ಎದೆಯಲ್ಲಿ ಅದು ಇದ್ದ ಕಡೆಯೇ ಇತ್ತು.

ಬೆಟ್ಟದ ಹೊಟ್ಟೆಯೊಳಗೆ ದೊಡ್ಡ ಗವಿ. ಮೇಲಿನ ಬಿರುಕಿನಿಂದ ಒಂದೇ ಒಂದು ಬಿಸಿಲುಕೋಲು ಕೆಳಗೆ ಇಳಿದಿತ್ತು. ಗೋಡೆಯ ತುಂಬ ನೆರಳುಗಳು, ಗಂಡಸರ, ಹೆಂಗಸರ, ಮಕ್ಕಳ ನೆರಳುಗಳು. ನಡುವಿನ ಕಲ್ಲುಪೀಠದ ಮೇಲೆ ಮಸುಕಾಂಗ ಕೂತಿದ್ದ. ಅವನ ತಲೆಯಿದ್ದ ಜಾಗದಲ್ಲಿ ಮುಖಗಳು ಹಾದುಹೋಗುತ್ತಿದ್ದವು, ಗದ್ದೆಯ ಮೇಲೆ ಮೋಡದ ನೆರಳು ಹಾದುಹೋಗುವ ಹಾಗೆ. ಈಗ ಒಬ್ಬ ಮುದುಕ, ಈಗ ಒಬ್ಬಳು ಬಾಣಂತಿ, ಈಗ ಹಲ್ಲು ಬಿದ್ದ ಹುಡುಗಿ. ಯಾವುದೂ ನಿಲ್ಲುತ್ತಿರಲಿಲ್ಲ.

"ಬಾ ಬಾ" ಎಂದ ಮಾಂತ್ರಿಕ, ಹಲವು ದನಿಗಳಲ್ಲಿ. "ಮೂರು ಬಾಗಿಲು ದಾಟಿದವಳು ನೀನೊಬ್ಬಳೇ. ನಿನಗೆ ಬೇಕಾದವನು ಇಲ್ಲೇ ಇದ್ದಾನೆ. ಅವನ ಮುಖ ಬಂದಾಗ ಚಿತ್ರ ತೆಗೆ. ಸರಿಯಾದ ಮುಖ ತೆಗೆದರೆ ಅವನನ್ನು ಕರಕೊಂಡು ಹೋಗು. ತಪ್ಪಿದರೆ ನಿನ್ನ ಮುಖ ನನ್ನದು."

ಚೀಲದಲ್ಲಿ ಒಂದೇ ತಗಡು ಉಳಿದಿತ್ತು. ಚಂದಲೆ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ನೋಡಿದಳು. ಮುಖಗಳು ಬಂದವು, ಹೋದವು. ಅವುಗಳಲ್ಲಿ ಒಂದು ಸಿಂಗಣನದು. ಅದು ಅವಳ ಕಣ್ಣ ಮುಂದೆಯೇ ಬಂದು ಹೋಗಿರಬಹುದು. ಅವಳಿಗೆ ಗುರುತು ಸಿಗಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಅವಳಿಗೆ ಜೀವನದಲ್ಲಿ ಬಂದಿರಲಿಲ್ಲ.

ಆಗ ಅವಳು ಮುಖಗಳನ್ನು ಬಿಟ್ಟು ಅವನನ್ನೇ ನೋಡಿದಳು. ಇಷ್ಟು ಮುಖಗಳು ಯಾತರ ಮೇಲೆ ಹಾದುಹೋಗುತ್ತಿವೆ? ಓಡುವುದು ತಗಡಿನ ಮೇಲೆ ಕೂರುವುದಿಲ್ಲ, ನಿಂತದ್ದು ಕೂರುತ್ತದೆ. ಒಂದು ಮುಖವನ್ನು ಆರಿಸಬೇಕಾಗಿಯೇ ಇಲ್ಲ. ಎಲ್ಲವೂ ಹಾದುಹೋಗುವ ತನಕ ರೆಪ್ಪೆ ತೆರೆದೇ ಇಟ್ಟರೆ?

ಹರಳಿನ ಕಣ್ಣಿಗೆ ಬೆರಳು ಅಡ್ಡ ಹಿಡಿದು, ಹೆಚ್ಚು ಬೆಳಕು ಒಳಗೆ ಹೋಗದ ಹಾಗೆ ಸಂದಿ ಕಿರಿದು ಮಾಡಿಕೊಂಡಳು. ರೆಪ್ಪೆ ತೆರೆದಳು. ಮುಚ್ಚಲಿಲ್ಲ.

"ತೆಗೆದಾಯ್ತಾ?" ಎಂದ ಮಸುಕಾಂಗ.

"ಇನ್ನೂ ಇಲ್ಲ. ಮುಖ ಎಷ್ಟು ಬೇಕಾದರೂ ಬದಲಾಯಿಸಿ, ತಲೆ ಮಾತ್ರ ಅಲ್ಲಾಡಿಸಬೇಡಿ" ಎಂದಳು ಚಂದಲೆ. ಮತ್ತೆ, ಒಲೆಯ ಮುಂದೆ ಕೂತವರ ಹಾಗೆ ಕೇಳಿದಳು. "ನಿಮಗೆ ಮುಖ ಇರಲೇ ಇಲ್ಲವಾ?"

ಗವಿಯಲ್ಲಿ ಯಾರೂ ಅವನನ್ನು ಏನನ್ನೂ ಕೇಳಿರಲಿಲ್ಲ. "ಇತ್ತೋ ಏನೋ" ಎಂದ. "ನಾನು ಹುಟ್ಟಿದ್ದು ಮಂಜಿನೊಳಗೆ. ಯಾರೂ ನನ್ನನ್ನು ನೋಡಿ 'ಇವನು ನಮ್ಮವನು' ಅನ್ನಲಿಲ್ಲ. ಎಲ್ಲರಿಗೂ ಎದುರಿಗೊಬ್ಬರು ಮುಖ ಅರಳಿಸುವವರು ಇದ್ದರು. ಬೇರೆಯವರ ಮುಖ ಕಿತ್ತು ಹಾಕಿಕೊಂಡರೆ ನನಗೂ ಯಾರಾದರೂ ಮುಖ ಅರಳಿಸುತ್ತಾರೆ ಅಂದುಕೊಂಡೆ. ಯಾರೂ ಅರಳಿಸಲಿಲ್ಲ. ಮತ್ತೊಂದು ಕಿತ್ತೆ."

ಬಿಸಿಲುಕೋಲು ಅವನ ಬಲಮಂಡಿಯಿಂದ ಎಡಮಂಡಿಗೆ ಸರಿಯಿತು. ಚಂದಲೆಯ ಬೆರಳು ಮರಗಟ್ಟಿತು. ಬೆರಳು ಅಲ್ಲಾಡಿಸಲಿಲ್ಲ. ಬಿಸಿಲುಕೋಲು ಎಡಮಂಡಿಯಿಂದ ನೆಲಕ್ಕೆ ಇಳಿದಾಗ ರೆಪ್ಪೆ ಮುಚ್ಚಿದಳು. ಬಂಡೆಯಿಂದ ಜಿನುಗುತ್ತಿದ್ದ ನೀರಲ್ಲಿ ತಗಡು ತೊಳೆದು ಅವನ ಕೈಗೆ ಕೊಟ್ಟಳು.

ಪೀಠ ಬಂದಿತ್ತು. ನಿಲುವಂಗಿ ಬಂದಿತ್ತು. ಹಾದುಹೋದ ಮುಖಗಳಲ್ಲಿ ಒಂದೂ ತಗಡಿನ ಮೇಲೆ ಉಳಿದಿರಲಿಲ್ಲ. ಅವುಗಳ ಕೆಳಗೆ, ಅಲ್ಲಾಡದೆ ಕೂತಿದ್ದ ಒಂದು ಮುಖ ಮಾತ್ರ ಇತ್ತು. ಸಣ್ಣ ಗಲ್ಲ, ಸ್ವಲ್ಪ ಮೆಳ್ಳಗಣ್ಣು, ಕೆನ್ನೆಯ ಮೇಲೆ ಸಿಡುಬಿನ ಕಲೆ. ಸಂತೆಯಲ್ಲಿ ಎದುರಾದರೆ ಯಾರೂ ತಿರುಗಿ ನೋಡದಂಥ ಮುಖ.

"ಇವನು ಯಾರು?" ಎಂದ ಮಸುಕಾಂಗ. ಈ ಸಲ ಒಂದೇ ದನಿಯಲ್ಲಿ.

"ನೀವೇ."

ಅವನು ಕೈಯೆತ್ತಿ ತನ್ನ ಗಲ್ಲ ಮುಟ್ಟಿಕೊಂಡ, ಕೆನ್ನೆಯ ಕಲೆಗಳನ್ನು ಒಂದೊಂದಾಗಿ ಮುಟ್ಟಿಕೊಂಡ. "ನಾನಾ?" ಎಂದ. "ನಾನಾ ಇದು?" ಎನ್ನುತ್ತಿರುವ ಹಾಗೆಯೇ ಕದ್ದ ಮುಖಗಳೆಲ್ಲ ಅವನಿಂದ ಕಳಚಿಕೊಂಡು ಹಾರಿದವು. ಒಂದೊಂದು ಮುಖವೂ ತನ್ನ ನೆರಳನ್ನು ಹುಡುಕಿಕೊಂಡು ಗೋಡೆಗೆ ಹೋಯಿತು. ನೆರಳಿಗೆ ಮೈ ಬಂತು, ಮೈಗೆ ಉಸಿರು ಬಂತು. ಗವಿಯ ತುಂಬ ಕೆಮ್ಮು, ಅಳು, ಹೆಸರು ಹಿಡಿದು ಕೂಗುವ ಸದ್ದು. ಮಸುಕಾಂಗನ ಮಂತ್ರ ಅಂದೇ ಅವನನ್ನು ಬಿಟ್ಟುಹೋಯಿತು. ಯಾರೂ ಅವನನ್ನು ಕೊಲ್ಲಲಿಲ್ಲ. ಜನರ ಮಧ್ಯೆ ಅವನು ಎಲ್ಲರಂತೆ ಒಬ್ಬನಾಗಿದ್ದ. ತಗಡನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಬೆಟ್ಟದ ಆ ಕಡೆ ಇಳಿದು ಹೋದ.

ಚಂದಲೆ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಆ ಗದ್ದಲದ ನಡುವೆ ಒಬ್ಬಳೇ ನಿಂತಿದ್ದಳು. ಎಲ್ಲ ಮುಖಗಳೂ ಅವಳಿಗೆ ಹೊಸವು. ಒಬ್ಬೊಬ್ಬರನ್ನೂ ನೋಡಿದಳು. ಇವನಾ? ಅವನಾ? ಕೂಗಲು ಭಯವಾಯಿತು. ಕೂಗಿದರೆ, ಬಂದವನು ಅಪರಿಚಿತನಂತೆ ಕಂಡರೆ?

ಹಿಂದಿನಿಂದ ಯಾರೋ ಬಂದು ಅವಳ ಹೆಗಲಿನಿಂದ ಪೆಟ್ಟಿಗೆಯನ್ನು ಇಳಿಸಿ ತನ್ನ ಹೆಗಲಿಗೇರಿಸಿಕೊಂಡರು.

"ಇಷ್ಟು ದೂರ ಇದನ್ನು ಒಬ್ಬಳೇ ಹೊತ್ತುಕೊಂಡು ಬಂದೆಯೇನೇ? ಭುಜ ನೋಡು, ಹೇಗೆ ಕಂದಿದೆ."

ಚಂದಲೆ ತಿರುಗಿದಳು. ಎದುರಿಗೆ ಒಬ್ಬ ಗಂಡಸು ನಿಂತಿದ್ದ. ದನಿ ಅವನದೇ. ಮುಖ ಅವಳಿಗೆ ನೆನಪಾಗಲಿಲ್ಲ.

"ನಿಮ್ಮ ಮುಖ ನನಗೆ ಮರೆತುಹೋಗಿದೆ" ಎಂದಳು.

ಸಿಂಗಣ ಬಿಸಿಲುಕೋಲು ಬಿದ್ದಿದ್ದ ಕಡೆಗೆ ನಡೆದು, ಬೆಳಕಿನಲ್ಲಿ ನಿಂತ. "ಹಾಗಾದರೆ ನೋಡು. ನನಗೇನೂ ಅವಸರ ಇಲ್ಲ" ಎಂದ.

ಚಂದಲೆ ನೋಡಿದಳು. ಎಲ್ಲರೂ ಗವಿಯಿಂದ ಹೊರಗೆ ಹೋಗಿ ಮುಗಿಯುವವರೆಗೂ ನೋಡಿದಳು. ಬಿಸಿಲು ಸರಿದಾಗ ಅವನೂ ಸರಿದು ನಿಂತ.

ಅವರು ಕೆಳಗಿಳಿದಾಗ ರಾಣಿ ಭಾಗಲದೇವಿ ಕೋಟೆಯ ಬಾಗಿಲಿಗೇ ಓಡಿ ಬಂದಿದ್ದಳು. ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, "ಮೂಗು ನನ್ನದೇ!" ಎಂದು ಊರೆಲ್ಲ ಕೇಳುವ ಹಾಗೆ ಕೂಗಿದಳು. ಮನೆಮನೆಯ ತಗಡುಗಳಲ್ಲೂ ಮುಖಗಳು ಮರಳಿ ಬಂದಿದ್ದವು. ಆಮೇಲೆ ಆ ರಾಜ್ಯದ ಮೇಲೆ ಮಂಜು ಬಿದ್ದರೆ ಅದು ಬರೀ ಮಂಜು. ಮಕ್ಕಳು ಅದರೊಳಗೆ ಕಣ್ಣಾಮುಚ್ಚಾಲೆ ಆಡಿದರು. ಹೋದವರೆಲ್ಲ ಮನೆ ಸೇರಿದರು, ಬಿಟ್ಟ ಕೆಲಸ ಹಿಡಿದರು, ಉಂಡು ಉಟ್ಟು ಸುಖವಾಗಿದ್ದರು. ಚಂದಲೆಯೂ ಸಿಂಗಣನೂ ಮುದುಕರಾಗುವವರೆಗೆ ಜೊತೆಯಾಗಿ ಬಾಳಿದರು.

ಅವಳ ಹಳೆಯ ನೆನಪು ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಮದುವೆಯ ದಿನ ಅವನು ಹೇಗೆ ಕಾಣುತ್ತಿದ್ದನೆಂದು ಯಾರಾದರೂ ಕೇಳಿದರೆ, "ಅದು ನನಗೆ ಗೊತ್ತಿಲ್ಲ. ಇವತ್ತು ಬೆಳಗ್ಗೆ ಹೇಗಿದ್ದರು ಅಂತ ಕೇಳಿ, ಹೇಳ್ತೇನೆ" ಎನ್ನುತ್ತಿದ್ದಳು. ಕೇಳಿದವರಿಗೆ ಹೇಳುತ್ತಲೂ ಇದ್ದಳು, ಒಂದು ಗೆರೆಯನ್ನೂ ಬಿಡದೆ.